ಮೊದಲು ಬರೆದ ಕೈ ಯಾರದು?

"ಅಮ್ಮಾ, ನೀವು ಪೇಶೆಂಟಾ, ಇಲ್ಲಾ ರೆಪ್ಪಾ?"

ಕೇಳಿದವನು ಬೆಂಚಿನ ತುದಿಯಲ್ಲಿದ್ದ ಕನ್ನಡಕದವನು. ಆ ಬೆಂಚಿನ ಮೇಲೆ ಕೂತವರೆಲ್ಲರ ಕೊರಳಲ್ಲೂ ಟೈ, ಎಲ್ಲರ ಕಾಲ ಬಳಿಯೂ ಮಾತ್ರೆ ಕಂಪನಿಯ ಒಂದೊಂದು ಕಪ್ಪು ಚೀಲ. ನಡುವೆ ಭಾರತಮ್ಮ ಒಬ್ಬರೇ ಸೀರೆಯುಟ್ಟವರು.

"ಎರಡೂ ಅಲ್ಲ ಕಣಪ್ಪಾ. ಪೊಲೀಸು."

ಚೀಲಗಳೆಲ್ಲ ಒಂದಿಷ್ಟು ಬೆಂಚಿನ ಕೆಳಕ್ಕೆ ಸರಿದವು.

"ಯೂನಿಫಾರಂ ಇಲ್ವಲ್ಲಮ್ಮಾ?"

"ನೀವೆಲ್ಲ ಹಾಕ್ಕೊಂಡಿದೀರಲ್ಲ, ಸಾಕು ಬಿಡಿ."

ಒಬ್ಬ ನಕ್ಕ. ಉಳಿದವರು ನಗಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗೆ ಹೋಗುವ ರಸ್ತೆಯಲ್ಲಿ ಡಾಕ್ಟರ್ ಚಂದ್ರಮೋಹನ್ ಅವರ ಶಾಪು. ಹಿಂದೆ ಇದೇ ಜಾಗದಲ್ಲಿ ಒಬ್ಬ ಮುದಿ ಡಾಕ್ಟರಿದ್ದರು. ಕೆಂಪು ನೀರಿನ ಸೀಸೆಗೆ ಕಾಗದದ ಪಟ್ಟಿಯನ್ನು ಕಚ್ಚು ಕಚ್ಚಾಗಿ ಕತ್ತರಿಸಿ ಅಂಟಿಸಿ, ಒಂದು ಕಚ್ಚು ಒಂದು ಹೊತ್ತಿಗೆ ಎಂದು ಹೇಳಿ ಕಳಿಸುತ್ತಿದ್ದರು. ಓದು ಬಾರದವರಿಗೂ ಅದು ತಪ್ಪುತ್ತಿರಲಿಲ್ಲ. ಈಗ ಸೀಸೆ ಹೋಗಿ ಬಣ್ಣದ ಡಬ್ಬಿ ಬಂದಿದೆ. ಗೋಡೆಯ ಒಂದು ಕಡೆ ರೋಗಿಗಳು ಕೂರುತ್ತಾರೆ, ಇನ್ನೊಂದು ಕಡೆ ಮಾತ್ರೆ ಕಂಪನಿಯವರು.

ಭಾರತಮ್ಮ ಎ.ಎಸ್.ಐ. ರೋಗಿಗಳ ಕಡೆ ಜಾಗವಿದ್ದರೂ ಬೇಕೆಂದೇ ಈ ಕಡೆ ಬಂದು ಕೂತಿದ್ದರು.

ಯಲ್ದೂರಿನ ಶಾಮಲಮ್ಮ ಹೋದ ಶನಿವಾರ ಗಂಟಲು ಸುಟ್ಟು ರಕ್ತ ಕಾರಿ ಬಿದ್ದಾಗ, ಸೊಸೆ ಕದಿರಮ್ಮನೇ ವಿಷ ಹಾಕಿದಳು ಎಂದು ಊರೆಲ್ಲ ಆಡಿಕೊಂಡಿತ್ತು. ಇವತ್ತು ಸಂಜೆ ಕದಿರಮ್ಮನನ್ನು ಕೋರ್ಟಿಗೆ ಒಪ್ಪಿಸುವುದು ಎಂದು ಇನ್‌ಸ್ಪೆಕ್ಟರ್ ವೆಂಕಟ್ ಹೇಳಿಯಾಗಿತ್ತು.

"ನೋಡಿ ಭಾರತಮ್ಮ," ಎಂದಿದ್ದರು ಅವರು ಬೆಳಿಗ್ಗೆ, ಕೋಲಾರಕ್ಕೆ ಹೊರಡಲು ಜೀಪು ಹತ್ತುತ್ತಾ. "ತಾನು ಬರೆದ ಮಾತ್ರೆಯಿಂದ ಹೀಗಾಗಬಹುದು ಅಂತ ಆ ಡಾಕ್ಟರ ಬಾಯಿಂದ ಒಂದು ಮಾತು ತಗೊಂಡು ಬನ್ನಿ. ಬಿಡೋಣ ಆ ಹುಡುಗೀನ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ. ಆದ್ರೆ ಅಲ್ಲಿ ಗಲಾಟೆ ಗಿಲಾಟೆ ಆದ್ರೆ, ನಾನು ನಿಮ್ಮನ್ನ ಕಳಿಸಿಯೇ ಇಲ್ಲ."

"ಕಳಿಸ್ಬೇಡಿ ಸಾರ್. ನಾನಾಗೇ ಹೋಗ್ತೀನಿ," ಎಂದಿದ್ದರು ಭಾರತಮ್ಮ.

ಆಮೇಲೆ ಒಳಗೆ ಹೋಗಿ ಕದಿರಮ್ಮನ ಪಕ್ಕ ಕೂತಿದ್ದರು. ಠಾಣೆಯ ಗೋಡೆಗೆ ಒರಗಿ, ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಕಪ್ಪಾದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು ಆ ಹುಡುಗಿ.

"ಅಳ್ತೀಯಾ?"

"ಯಾಕಕ್ಕಾ ಅಳ್ಲಿ? ಮಾಡಿದ್ರೆ ತಾನೆ ಅಳೋದು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋರು ಯಾರು ಅಂತ ಯೋಚ್ನೆ ಅಷ್ಟೇ. ನಾಕನೇ ಜ್ವರ ಎದ್ದು ಪೊರೆ ಬಿಟ್ಟಿದಾವೆ, ಈಗ ಹೊಟ್ಟೆಬಾಕಗಳು."

"ಶನಿವಾರ ಅತ್ತೆಗೆ ತಿನ್ನೋಕೆ ಏನು ಕೊಟ್ಟೆ?"

"ಅತ್ತೆ ಶನಿವಾರ ಉಪಾಸ. ತಿಮ್ಮಪ್ಪನ ಹರಕೆ. ದೀಪ ಹಚ್ಚೋ ತನಕ ನೀರೂ ಮುಟ್ಟಲ್ಲ. ನಾನು ಮದ್ವೆಯಾಗಿ ಬಂದಾಗ್ಲಿಂದ ನೋಡ್ತಾ ಇದೀನಿ."

"ನೀರೂ ಮುಟ್ಟದೋರು ಮಾತ್ರೆ ಹೆಂಗೆ ನುಂಗಿದ್ರು?"

ಶಾಮಲಮ್ಮನ ಎಲೆ ಅಡಿಕೆ ಚೀಲದಲ್ಲಿ ಮಾತ್ರೆಯ ಹಾಳೆ ಸಿಕ್ಕಿದ್ದು ಕದಿರಮ್ಮನಿಗೂ ಗೊತ್ತಿತ್ತು. ಒಂದು ಗೂಡು ಖಾಲಿ, ಮೂರು ಗೂಡು ಭರ್ತಿ. ಹಿಂಭಾಗದಲ್ಲಿ ಮಾರಾಟಕ್ಕಲ್ಲ ಎಂಬ ಅಚ್ಚು. 

"ತುಳಸಿ ತೀರ್ಥದಲ್ಲಿ ನುಂಗಿರ್ಬೇಕು. ಒಂದು ಚಮಚ ಬಾಯಿಗೆ ಹಾಕ್ಕೋತಾರೆ. ಅಷ್ಟು ಮಾತ್ರ ಉಪಾಸಕ್ಕೆ ಮಾಫಿ."

"ಉಪಾಸದ ದಿನವೇ ಯಾಕೆ? ವಾರದಲ್ಲಿ ಬೇರೆ ದಿನ ಇರ್ಲಿಲ್ವಾ?"

"ಕ್ಯಾಂಪಲ್ಲಿ ಹೇಳಿದ್ರಂತೆ, ವಾರಕ್ಕೊಂದೇ ಮಾತ್ರೆ, ಖಾಲಿ ಹೊಟ್ಟೇಲಿ ನುಂಗ್ಬೇಕು ಅಂತ. ನಮ್ಮತ್ತೆ ಕೋಳಿ ಕೂಗೋಕೆ ಮುಂಚೆ ಎದ್ದು ರಾತ್ರಿ ಮುದ್ದೆ ಮಜ್ಜಿಗೇಲಿ ಕಿವುಚಿ ಕುಡಿಯೋರು. ಮಿಕ್ಕ ದಿನ ಅವ್ರ ಹೊಟ್ಟೆ ಖಾಲಿ ಇರೋದು ನಾನಂತೂ ಕಂಡಿಲ್ಲ. ವಾರಕ್ಕೊಂದು ದಿನ ಖಾಲಿ ಅಂದ್ರೆ ಇನ್ಯಾವ್ದಕ್ಕಾ, ಶನಿವಾರವೇ ತಾನೆ?"

"ಆಮೇಲೆ?" ಎಂದರು ಭಾರತಮ್ಮ.

"ನುಂಗಿ, ತಲೆ ಸುತ್ತುತ್ತೆ ಅಂತ ಚಾಪೆ ಮೇಲೆ ಒರಗಿದ್ರು. ನಾನು ಸೊಪ್ಪಿಗೆ ಹೋದೆ. ಬರೋ ಹೊತ್ಗೆ ಎದೆ ಹಿಡ್ಕೊಂಡು ಹೊರಳಾಡ್ತಾ ಇದ್ರು."

ಕೋಲಾರದ ಆಸ್ಪತ್ರೆಯಲ್ಲಿ ಶಾಮಲಮ್ಮನನ್ನು ನೋಡುತ್ತಿದ್ದ ವೈದ್ಯರು ಭಾರತಮ್ಮನಿಗೆ ಮೊದಲೇ ಹೇಳಿದ್ದರು. ಮೂಳೆಗೆ ಕೊಡುವ ಈ ಜಾತಿಯ ಮಾತ್ರೆಯನ್ನು ದೊಡ್ಡ ಲೋಟ ತುಂಬ ನೀರಿನ ಜೊತೆ ನುಂಗಬೇಕು. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು. ಇಲ್ಲದಿದ್ದರೆ ಅದು ಅನ್ನನಾಳದಲ್ಲೇ ಕಚ್ಚಿಕೊಂಡು ಸುಡುತ್ತದೆ. ಆದರೆ ಆಕೆ ನುಂಗಿದ್ದು ಅದನ್ನೇನಾ, ಏನು ಹೇಳಿ ಕೊಟ್ಟರು ಎಂಬುದನ್ನು ಬರೆದ ಡಾಕ್ಟರೇ ಬಾಯಿ ಬಿಟ್ಟು ಹೇಳಬೇಕು. ಹೇಳುವ ತನಕ ಅದು ವಿಷವೇ.

ಬರೆದ ಡಾಕ್ಟರು ಆ ಬಾಗಿಲ ಹಿಂದೆ ಇದ್ದರು.

*

ಬೈಕು ನಿಂತ ಸದ್ದಾಯಿತು. ಒಳಗೆ ಬಂದವನ ಬೂಟಿನ ಮೇಲೆ ಧೂಳಿರಲಿಲ್ಲ. ಮಾವಿನ ಕಾಲದ ಶ್ರೀನಿವಾಸಪುರದಲ್ಲಿ ಲಾರಿ ಓಡಾಡಿ ಎಲೆಯ ಮೇಲೂ ಕೆಂಪು ಕೂತಿರುವಾಗ ಬೂಟು ಹೊಳೆಯಬೇಕಾದರೆ ಬಾಗಿಲ ಆಚೆ ನಿಂತು ಒರೆಸಿಕೊಂಡೇ ಬಂದಿರಬೇಕು.

"ಏನಕ್ಕಾ, ಮಗಳಿಗೆ ಜ್ವರ ಬಿಡ್ತಾ?" ಎಂದು ಬಾಗಿಲಲ್ಲಿ ಕೂತು ರೋಗಿಗಳನ್ನು ಒಳಗೆ ಬಿಡುವ ಹೆಂಗಸನ್ನು ಕೇಳಿದ. ಉತ್ತರ ಬರುವ ತನಕ ನಿಂತು ಕೇಳಿಸಿಕೊಂಡ. ಕೇಳಿಸಿಕೊಳ್ಳುವುದರಲ್ಲೇ ಅವನ ಕೆಲಸ ಅರ್ಧ ಮುಗಿಯುತ್ತಿತ್ತು.

ಅರುಣ್‌ಕುಮಾರ್. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಊರು ಇವನದೇ. ಯಲ್ದೂರಿನ ಶಾಲೆಯ ಜಗುಲಿಯಲ್ಲಿ ಮೂಳೆ ಪರೀಕ್ಷೆಯ ಕ್ಯಾಂಪು ಹಾಕಿಸಿದವನೂ ಇವನೇ. ಬ್ಯಾನರಿನಲ್ಲಿ ಡಾಕ್ಟರ್ ಚಂದ್ರಮೋಹನ್ ಫೋಟೋ, ಚೀಟಿ ಅವರದು, ಯಂತ್ರ ಕಂಪನಿಯದು. ಕಾಲಿಟ್ಟವರಿಗೆಲ್ಲ ಮೂಳೆ ಸವೆದಿದೆ ಎಂದಿತ್ತು ಯಂತ್ರ. "ಲೇ, ರಾಗಿ ತಿಂದ ಮೂಳೆ ಕಣೋ ಇದು, ನಿನ್ನ ಡಬ್ಬಿ ಸವೆದಿರ್ಬೇಕು ನೋಡ್ಕೋ," ಎಂದು ಶಾಮಲಮ್ಮ ಅಂದಾಗ ಊರು ನಕ್ಕಿತ್ತಂತೆ. ನಗುತ್ತಲೇ ಎಲ್ಲರೂ ಮಾತ್ರೆ ಇಸಿದುಕೊಂಡಿದ್ದರು. ಪುಕ್ಕಟೆ ಬಂದದ್ದನ್ನು ಬೇಡ ಅನ್ನುವುದು ಹೇಗೆ?

ಬೆಂಚಿನಲ್ಲಿ ಜಾಗ ಮಾಡಿಕೊಂಡು ಕೂತ ಅರುಣ್‌ಕುಮಾರ್ ಭಾರತಮ್ಮನ ಕಡೆ ತಿರುಗಿದ. ಅವನಿಗೆ ಅವರು ಯಾರೆಂದು ಗೊತ್ತಿಲ್ಲ ಎಂಬುದು ಬೆಂಚಿಗೆಲ್ಲ ಗೊತ್ತಾಯಿತು. ಕನ್ನಡಕದವನು ಬಾಯಿ ತೆರೆದ. ಪಕ್ಕದವನು ಅವನ ಕಾಲು ತುಳಿದ. ಎಲ್ಲರೂ ಬೇರೆ ಬೇರೆ ಕಂಪನಿಯವರು.

"ಅಮ್ಮಾ, ಕಾಲು ನೀಡಿ ಕೂತಿದೀರ. ಮಂಡಿ ನೋವಾ?"

"ಹೂಂ ಕಣಪ್ಪಾ. ಬಸ್ಸು ಹತ್ತಿ ಇಳಿದು ಹಿಡ್ಕೊಂಡಿದೆ."

"ನಮ್ಮಮ್ಮಂಗೂ ಹಿಂಗೇ ಇತ್ತು." ಅವನ ಕೈ ಆಗಲೇ ಚೀಲದೊಳಗಿತ್ತು. "ತಗೊಳ್ಳಿ. ದೃಢಾಸ್ ಅಂತ. ವಾರಕ್ಕೊಂದು, ಖಾಲಿ ಹೊಟ್ಟೇಲಿ. ಡಾಕ್ಟ್ರಿಗೆ ನಾನೇ ಹೇಳ್ತೀನಿ, ಚೀಟೀಲಿ ಬರೆದುಕೊಡ್ತಾರೆ."

"ನೀರು ಎಷ್ಟು ಕುಡೀಬೇಕಪ್ಪಾ?"

"ಎಷ್ಟಾದ್ರೂ. ಬೇರೆ ಕಂಪನೀದಾದ್ರೆ ಚೊಂಬುಗಟ್ಲೆ ಕುಡಿ, ಕೂತ್ಕೋ, ಮಲಗ್ಬೇಡ ಅಂತ ನೂರೆಂಟು ರಗಳೆ. ನಮ್ಮದಕ್ಕೆ ಮೇಲೆ ಕೋಟಿಂಗ್ ಇದೆ. ಒಂದು ಗುಟುಕು ಸಾಕು. ನುಂಗಿ ಆರಾಮಾಗಿ ಮಲಗಿ."

ಬೆಂಚು ಉಸಿರು ಹಿಡಿಯಿತು.

"ಇನ್ನೊಂದ್ಸಲ ಹೇಳಪ್ಪಾ, ಕಿವಿ ಮಂದ."

ಅವನು ಇನ್ನೊಂದು ಸಲ ಹೇಳಿದ, ಅಕ್ಕರೆಯಿಂದ, ಒಂದಕ್ಷರ ಬಿಡದೆ. ಕನ್ನಡಕದವನು ಪಕ್ಕದವನ ಕಿವಿಯಲ್ಲಿ, "ದೊರಿಕಾಡು," ಎಂದ. ಸಿಕ್ಕಿಬಿದ್ದ ಎಂದು ತೆಲುಗಿನಲ್ಲಿ ಹೇಳಿಕೊಂಡರೆ ಆ ಬೆಂಚಿಗೆ ಸುಖ ಹೆಚ್ಚು.

ಭಾರತಮ್ಮ ಮಾತ್ರೆಯ ಹಾಳೆಯನ್ನು ಚೀಲದೊಳಗೆ ಹಾಕಿಕೊಂಡು ಎದ್ದರು.

"ನೀವೆಲ್ಲ ಕೇಳಿಸ್ಕೊಂಡ್ರಲ್ಲ?" ಎಂದರು ಬೆಂಚಿಗೆ.

"ಕೇಳಿಸ್ತು ಮೇಡಂ," ಎಂದ ಕನ್ನಡಕದವನು. ಉಳಿದವರು ತಲೆಯಾಡಿಸಿದರು.

ಮೇಡಂ ಎಂಬ ಮಾತಿಗೆ ಅರುಣ್‌ಕುಮಾರ್ ಬೆಂಚಿನ ಮುಖಗಳನ್ನು ಒಂದೊಂದಾಗಿ ನೋಡಿದ. ಅಷ್ಟರಲ್ಲಿ ಬಾಗಿಲಿನ ಹೆಂಗಸು, "ಅರುಣ್ ಸಾರ್, ಒಳಗೆ ಬರ್ಬೇಕಂತೆ," ಎಂದಳು. ಉಳಿದವರು ಮೊದಲೇ ಬಂದು ಕೂತಿದ್ದರೂ ಕರೆ ಬಂದದ್ದು ಅವನಿಗೆ.

"ನಡಿ," ಎಂದರು ಭಾರತಮ್ಮ. "ಇಬ್ಬರೂ ಹೋಗೋಣ."

*

ಡಾಕ್ಟರ್ ಚಂದ್ರಮೋಹನ್ ಕೆಟ್ಟ ಮನುಷ್ಯರೇನಲ್ಲ. ಊರ ಅರ್ಧ ಮಕ್ಕಳ ಜ್ವರ ಇಳಿಸಿದ ಕೈ. ಭಾರತಮ್ಮನನ್ನು ಕಂಡು ನಕ್ಕರು.

"ಏನು ಭಾರತಮ್ಮನೋರೆ, ನೀವೂ ಇವನ ಜೊತೆಗೆ? ಠಾಣೆ ಬಿಟ್ಟು ಕಂಪನಿ ಸೇರಿದ್ರಾ?"

ಅರುಣ್‌ಕುಮಾರನ ಮುಖದ ನಗೆ ಅಲ್ಲೇ ಇತ್ತು, ಬಣ್ಣ ಮಾತ್ರ ಹೋಗಿತ್ತು.

"ಯಲ್ದೂರಿನ ಶಾಮಲಮ್ಮನಿಗೆ ನೀವು ಬರೆದ ಮಾತ್ರೆ ವಿಷಯ, ಡಾಕ್ಟ್ರೇ."

ನಗೆ ನಿಂತಿತು. "ಅದು ವಿಷದ ಕೇಸು ಅಂತಲ್ವಾ? ಸೊಸೆ..."

"ಸೊಸೆ ಠಾಣೇಲಿದಾಳೆ. ಸಂಜೆ ಜೈಲಿಗೆ ಹೋಗ್ತಾಳೆ. ಅದಕ್ಕೆ ಮುಂಚೆ ನಿಮ್ಮ ಒಂದು ಮಾತು ಬೇಕು. ದೃಢಾಸ್ ಮಾತ್ರೇನ ಯಾಕೆ ಶುರು ಮಾಡಿದ್ರಿ?"

"ಯಾಕೆ ಅಂದ್ರೆ? ಒಳ್ಳೇ ಮಾತ್ರೆ. ನೋಡಿ, ನಾನು ಇವರ ಪೆನ್ನಿಗೋ ಕ್ಯಾಲೆಂಡರಿಗೋ ಬರೆಯೋನಲ್ಲ. ಬೇಕಾದ್ರೆ ಇವನ್ನೇ ಕೇಳಿ."

"ನಿಜ ಮೇಡಂ," ಎಂದ ಅರುಣ್‌ಕುಮಾರ್. "ಸಾರ್ ಒಂದು ಪೈಸೆ ಮುಟ್ಟೋರಲ್ಲ."

"ಮುಟ್ಟಿದ್ರು ಅಂತ ನಾನೆಲ್ಲಿ ಅಂದೆ? ಯಾರನ್ನ ನೋಡಿ ಶುರು ಮಾಡಿದ್ರಿ ಅಂತ ಕೇಳ್ತಿದೀನಿ."

ಡಾಕ್ಟರು ಕುರ್ಚಿಗೆ ಒರಗಿದರು. ಇದು ಅವರಿಗೆ ಸುಲಭದ ಪ್ರಶ್ನೆಯಾಗಿ ಕಂಡಿತು. "ಕೋಲಾರದ ವೇಣುಗೋಪಾಲ್ ಸಾರ್. ನಮಗೆಲ್ಲ ಗುರುಗಳ ಸಮಾನ. ಅವರು ಬರೀತಾರೆ ಅಂದ ಮೇಲೆ ನಾವು ಯೋಚ್ನೆ ಮಾಡ್ಬೇಕಾ?"

"ಬರೀತಾರೆ ಅಂತ ಅವರು ಹೇಳಿದ್ರಾ?"

"ಅರುಣ್ ಹೇಳ್ದ."

"ನಾನು ಮೊನ್ನೆ ಕೋಲಾರಕ್ಕೆ ಹೋಗಿದ್ದೆ ಡಾಕ್ಟ್ರೇ. ವೇಣುಗೋಪಾಲ್ ಸಾರ್ ಹತ್ರ ಕೂತು ಇದೇ ಮಾತು ಕೇಳ್ದೆ. 'ಮಾಲೂರಿನ ಮೇಘನ ಹೊಸದಾಗಿ ಓದಿ ಬಂದಿದಾಳೆ, ಹೊಸದೆಲ್ಲ ತಿಳ್ಕೊಂಡಿದಾಳೆ, ಅವಳು ಬರೀತಾಳಂತೆ. ಮುದುಕ ನಾನು ಹಿಂದೆ ಬೀಳ್ಬಾರ್ದು ಅಂತ ಶುರು ಮಾಡ್ದೆ' ಅಂದ್ರು."

ಡಾಕ್ಟರು ಅರುಣ್‌ಕುಮಾರನನ್ನು ನೋಡಿದರು.

"ಮಾಲೂರಿಗೆ ಹೋದೆ. ಆ ಹುಡುಗಿ ಹೇಳಿದ್ದು, 'ಮುಳಬಾಗಿಲಿನ ಡಾಕ್ಟರ ಹತ್ರ ದಿನಾ ಸಂತೆ ಸೇರ್ದಂಗೆ ಜನ. ಅಷ್ಟು ಜನಕ್ಕೆ ಕೊಟ್ಟು ಏನೂ ಆಗಿಲ್ಲ ಅಂದ ಮೇಲೆ ಹೆದರಿಕೆ ಯಾಕೆ ಆಂಟಿ?' ಅಂತ."

"ಮುಳಬಾಗಿಲಿನೋರು?" ಡಾಕ್ಟರ ದನಿ ಇಳಿದಿತ್ತು.

"ಅದನ್ನ ನಾನು ಹೇಳಿದ್ರೆ ನೀವು ನಂಬಲ್ಲ. ನೀವೇ ಫೋನ್ ಮಾಡಿ. ನನಗೂ ಕೇಳೋ ಹಂಗೆ ಇಡಿ."

"ಸಾರ್, ಈಗ ಅವರು ಪೇಶೆಂಟ್ ನೋಡ್ತಿರ್ತಾರೆ," ಎಂದ ಅರುಣ್‌ಕುಮಾರ್.

"ಯಾವ ಡಾಕ್ಟರು ಯಾವಾಗ ಏನು ಮಾಡ್ತಾರೆ ಅಂತ ನಿನಗಷ್ಟು ಗೊತ್ತು ನೋಡು," ಎಂದರು ಭಾರತಮ್ಮ.

ಡಾಕ್ಟರು ಫೋನು ತೆಗೆದರು. ಒಂದೆರಡು ಸಲ ರಿಂಗಾಗಿ ಆ ಕಡೆಯಿಂದ ದಪ್ಪ ದನಿ ಬಂತು.

"ಏನ್ ಸ್ವಾಮಿ, ಮಾವಿನ ಊರೋರು! ನಮ್ಮ ನೆನಪು ಬಂತಾ?"

"ಒಂದು ವಿಷಯ ಕೇಳ್ಬೇಕಿತ್ತು. ಈ ದೃಢಾಸ್... ನೀವು ಯಾಕೆ ಬರೆಯೋಕೆ ಶುರು ಮಾಡಿದ್ರಿ?"

"ಇದೇನ್ರೀ, ಪರೀಕ್ಷೆ ಮಾಡ್ತೀರಾ? ನೀವು ಬರೀತೀರ ಅಂತಾನೇ ಕಣ್ರೀ! ಚಂದ್ರಮೋಹನ್ ಸಾರ್ ಅದರ ಮೇಲೆ ಭಾಷಣಾನೇ ಮಾಡಿದಾರೆ ಅಂತ ಅರುಣ್ ಫೋಟೋ ತೋರಿಸ್ದ. ನೀವು ನೋಡಿ ಹೇಳಿದ ಮೇಲೆ ನಮ್ಮದೇನು? ಯಾಕೆ, ಏನಾದ್ರೂ ಆಯ್ತಾ?"

ಡಾಕ್ಟರು ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟರು. ಗೋಡೆಯ ಮೇಲೆ ಆ ಫೋಟೋ ಇತ್ತು. ದೊಡ್ಡ ಹೋಟೆಲಿನ ವೇದಿಕೆ, ಹೆಗಲಿಗೆ ಶಾಲು, ಮುಂದೆ ಮೈಕು.

ನಾಲ್ಕು ಊರು ಸುತ್ತಿ ಬಂದರೂ ಮೊದಲು ಬರೆದ ಕೈ ಸಿಕ್ಕಿರಲಿಲ್ಲ. ಇರಲೇ ಇಲ್ಲ, ಸಿಗುವುದೆಲ್ಲಿಂದ? ಒಬ್ಬೊಬ್ಬರೂ ಮುಂದಿನವರ ಹೆಗಲ ಮೇಲೆ ಕೈಯಿಟ್ಟು ನಡೆದಿದ್ದರು, ಮಕ್ಕಳ ರೈಲಾಟದ ಹಾಗೆ. ಸೀಟಿ ಊದುತ್ತಿದ್ದವನೊಬ್ಬ ಮಾತ್ರ ಪಕ್ಕದಲ್ಲಿ ನಿಂತಿದ್ದ.

"ಆ ಭಾಷಣ ನಾನೇ ಬರ್ಕೊಂಡಿದ್ದಲ್ಲ," ಎಂದರು ಡಾಕ್ಟರು, ಯಾರನ್ನೂ ನೋಡದೆ. "ಇವನೇ ತಂದುಕೊಟ್ಟ. ಓದಿದೆ. ಇಷ್ಟು ವರ್ಷ ಕೆಮ್ಮು ನೆಗಡಿ ನೋಡ್ಕೊಂಡಿದ್ದೋನು ನಾನು. ನನ್ನ ಮಾತು ಕೇಳೋಕೆ ಅಷ್ಟು ಜನ ಡಾಕ್ಟರು ಕೂತಿದ್ರು."

"ಕೂತಿರ್ತಾರೆ. ಊಟ ಇತ್ತಲ್ಲ."

"ಹಂಗನ್ಬೇಡಿ ಭಾರತಮ್ಮನೋರೆ. ನಮ್ಮ ತಂದೆ ಹೋದಾಗ ಸ್ಮಶಾನಕ್ಕೆ ಬಂದು ಸೌದೆಗೆ ಕೈ ಹಾಕಿದೋನು ಇವನು. ನನ್ನ ತಮ್ಮ ಬಂದಿರ್ಲಿಲ್ಲ."

ಅದು ಸುಳ್ಳಲ್ಲ ಎಂದು ಭಾರತಮ್ಮನಿಗೆ ಗೊತ್ತಿತ್ತು. ಅದಕ್ಕೇ ದನಿ ಸ್ವಲ್ಪ ಇಳಿಸಿದರು.

"ಡಾಕ್ಟ್ರೇ, ಹೋದ ವರ್ಷ ಇವನು ನಿಮಗೆ ರತ್ನಗಿರಿ ಮಾವಿನ ಹಣ್ಣಿನ ಪೆಟ್ಟಿಗೆ ತಂದುಕೊಟ್ಟಿದ್ದ. ಊರೆಲ್ಲ ನಗಾಡ್ತು. ಶ್ರೀನಿವಾಸಪುರಕ್ಕೇ ಮಾವಿನ ಹಣ್ಣು ತಂದು ಒಪ್ಪಿಸಿದ ಮಹಾನುಭಾವ ಅಂತ. ಹೊರಗೆ ಮಂಡೀಲಿ ನಮ್ಮ ಬಾದಾಮಿ, ಮಲ್ಲಿಕಾ ರಾಶಿ ಬಿದ್ದಿತ್ತು. ನೀವು ಇವನ ಹಣ್ಣೇ ರುಚಿ ಅಂದ್ರಿ. ಅಲ್ವಾ?"

ಡಾಕ್ಟರ ಕಿವಿ ಕೆಂಪಾದವು.

"ಈಗ ಹೇಳಿ. ಈ ಮಾತ್ರೆ ನುಂಗೋಕೆ ನೀರೆಷ್ಟು ಬೇಕು?"

"ಸಾಮಾನ್ಯವಾಗಿ ಇಂಥದ್ದಕ್ಕೆ ತುಂಬು ಲೋಟ ಬೇಕು. ನುಂಗಿ ಮಲಗಬಾರ್ದು. ಆದ್ರೆ ಇದಕ್ಕೆ ಕೋಟಿಂಗ್ ಇದೆ, ಆ ತಾಪತ್ರಯ ಇಲ್ಲ ಅಂತ..." ಮಾತು ಅಲ್ಲೇ ನಿಂತಿತು. "ಅರುಣ್. ಹಂಗಂತ ಹೇಳಿದ್ದು ನೀನು ತಾನೆ?"

"ನಾನಾ ಸಾರ್?" ಅವನು ಮೆಲ್ಲಗೆ ಕೂತ. ಅಷ್ಟು ಹೊತ್ತು ನಿಂತೇ ಇದ್ದವನು. "ನಾನು ಎಲ್ಲಾ ವಿವರವಾಗಿ ಹೇಳಿದ್ದೆ. ನೀರಿನ ವಿಷಯಾನೂ ಹೇಳಿದ್ದೆ. ನಿಮಗೆ ಮರೆತಿರ್ಬೇಕು."

"ಹೊರಗೆ ಬೆಂಚಿನ ತುಂಬ ಸಾಕ್ಷಿ ಇದಾರಪ್ಪಾ," ಎಂದರು ಭಾರತಮ್ಮ. "ಈಗಷ್ಟೇ ನನಗೂ ಅದೇ ಪಾಠ ಹೇಳ್ದೆ. ಎರಡು ಸಲ."

"ಮಂಡಿ ನೋವಿನ ಮುದುಕಿಗೆ ಸಮಾಧಾನಕ್ಕೆ ಏನೋ ಅಂದಿರ್ತೀನಿ. ಅದು ಕೇಸಾಗುತ್ತಾ ಮೇಡಂ? ಆ ಬೆಂಚಿನೋರು ನನ್ನ ಎದುರಾಳಿಗಳು, ಅವರ ಮಾತು ಯಾರು ಕೇಳ್ತಾರೆ?" ಅವನು ಡಾಕ್ಟರ ಕಡೆ ತಿರುಗಿದ. ದನಿಯಲ್ಲಿ ಇನ್ನೂ ವಿನಯವಿತ್ತು. "ಸಾರ್, ನಾನು ಚೀಟಿ ಬರೀಬಲ್ಲೆನಾ? ನಾನು ಹೇಳೋನು ಮಾತ್ರ. ಬರೆದ ಕೈ ನಿಮ್ಮದು. ಕ್ಯಾಂಪಿನ ಬ್ಯಾನರ್ ಮೇಲಿರೋ ಮುಖಾನೂ ನಿಮ್ಮದೇ. ಯಲ್ದೂರಲ್ಲಿ ನನ್ನ ಹೆಸರೂ ಯಾರಿಗೂ ಗೊತ್ತಿಲ್ಲ. ನೀವು ಬಾಯಿ ಬಿಟ್ರೆ ನಿಮ್ಮ ಬಾಗಿಲ ಮೇಲಿನ ಬೋರ್ಡಿಗೇ ಪೆಟ್ಟು. ಸುಮ್ನಿದ್ರೆ ಎಲ್ಲಾ ತಣ್ಣಗಾಗುತ್ತೆ. ಸೊಸೆ ಕೇಸು ಸೊಸೆಗೆ."

ಸ್ಮಶಾನದಲ್ಲಿ ಸೌದೆ ಹೊತ್ತ ಅವನ ಕೈಗಳು ಮೇಜಿನ ಮೇಲೆ ಜೋಡಿಕೊಂಡಿದ್ದವು. ಡಾಕ್ಟರು ಅವುಗಳನ್ನೇ ನೋಡುತ್ತಿದ್ದರು.

ಭಾರತಮ್ಮ ಕಾಯ್ದರು. ನಡುವೆ ಬಾಯಿ ಹಾಕಲಿಲ್ಲ. ಬೇಯುವ ಹೊತ್ತಿಗೆ ಮುಚ್ಚಳ ತೆಗೆದರೆ ಮುದ್ದೆ ಗಂಟಾಗುತ್ತದೆ.

"ಭಾರತಮ್ಮನೋರೆ," ಎಂದರು ಡಾಕ್ಟರು ಕೊನೆಗೆ. "ಆ ಅಜ್ಜಿಗೆ ನಾನು ಏನೂ ಹೇಳ್ಲಿಲ್ಲ. ನೀರು ಕುಡಿ ಅಂತ ಹೇಳ್ಲಿಲ್ಲ, ಮಲಗ್ಬೇಡ ಅಂತಾನೂ ಹೇಳ್ಲಿಲ್ಲ. ಇವನ ಮಾತು ನಂಬಿ ಸುಮ್ನಾದೆ. ಬರೆದಿದ್ದು ನಾನೇ. ಮಾತ್ರೆಯಿಂದಾನೇ ಸುಟ್ಟಿರೋದು. ಅದನ್ನ ಠಾಣೆಗೆ ಬಂದು ಹೇಳ್ತೀನಿ."

"ಸಾರ್!"

"ಮುಚ್ಚೋ ಬಾಯಿ!" ಡಾಕ್ಟರು ಎದ್ದು ನಿಂತರು. ಗೋಡೆಯ ಫೋಟೋ ತೆಗೆದು ಅವನ ಚೀಲದ ಮೇಲೆ ಕುಕ್ಕಿದರು. "ತಗೊಂಡು ಹೋಗು. ಮುಳಬಾಗಿಲಲ್ಲಿ ತೋರಿಸು, ಮಾಲೂರಲ್ಲಿ ತೋರಿಸು. ಬೋರ್ಡು ಬಿದ್ರೆ ಬೀಳ್ಲಿ. ಬೋರ್ಡಿಲ್ಲದೇನೂ ಜ್ವರ ಇಳಿಸೋಕೆ ಬರುತ್ತೆ ನನಗೆ."

ಭಾರತಮ್ಮನಿಗೆ ಆ ಗಳಿಗೆಯಲ್ಲಿ ಮಂಡಿ ನೋವು ಇರಲಿಲ್ಲ. ಸಂಜೆಗೆ ಇನ್ನೂ ಹೊತ್ತಿತ್ತು. ಕೋಲಾರದ ಆಸ್ಪತ್ರೆಗೆ ಮೊದಲು ಸುದ್ದಿ ಮುಟ್ಟಿಸಬೇಕು ಎಂದು ವಾರ್ಡಿನ ನರ್ಸಿಗೆ ಫೋನು ಹಚ್ಚಿದರು.

"ಸಿಸ್ಟರ್, ನಾನು ಭಾರತಮ್ಮ. ಶಾಮಲಮ್ಮ ನುಂಗಿದ ಮಾತ್ರೆ ಯಾವುದು ಅಂತ ಬರೆದ ಡಾಕ್ಟರೇ ಒಪ್ಕೊಂಡ್ರು. ನಿಮ್ಮ ದೊಡ್ಡ ಡಾಕ್ಟ್ರಿಗೆ ಹೇಳಿ..."

"ಅಯ್ಯೋ ಮೇಡಂ, ನಿಮಗೆ ಗೊತ್ತೇ ಇಲ್ವಾ? ಅವರನ್ನ ಬೆಂಗಳೂರಿಗೆ ಕರ್ಕೊಂಡು ಹೋದ್ರಲ್ಲ. ಈಗ ತಾನೇ."

"ಯಾರು?"

"ಆ ಮಾತ್ರೆ ಕಂಪನಿಯೋರು. ಅವರೇ ಆಂಬುಲೆನ್ಸ್ ಕಳಿಸಿದ್ರು, ದೊಡ್ಡ ಆಸ್ಪತ್ರೆ, ಎಲ್ಲಾ ಪುಕ್ಕಟೆ. ಪುಣ್ಯಾತ್ಮರು. ಮನೆಯೋರು ಒಪ್ಪಿದ್ರು, ನಾವೇನು ಮಾಡೋಕಾಗುತ್ತೆ?"

ಭಾರತಮ್ಮ ನಿಧಾನವಾಗಿ ಕಣ್ಣೆತ್ತಿದರು. ಅರುಣ್‌ಕುಮಾರ್ ಫೋಟೋವನ್ನು ಚೀಲದೊಳಗೆ ಇಡುತ್ತಿದ್ದ. ಗಾಜು ಒಡೆಯದ ಹಾಗೆ, ಸಾವಕಾಶವಾಗಿ. ಆಂಬುಲೆನ್ಸ್ ಹೊರಡುವ ತನಕ ಹೊತ್ತು ಕಳೆಯಲೆಂದೇ ಅವನು ಈ ಕೋಣೆಯೊಳಗೆ ಕೂತಿದ್ದ ಎಂಬುದು ಆಗ ಅವರಿಗೆ ಹೊಳೆಯಿತು.

"ಇನ್ನೊಂದು ಮೇಡಂ," ಎಂದಳು ನರ್ಸು. "ಅಜ್ಜಿ ಬಾಯಿ ಬಿಟ್ರು, ಮೊದಲನೇ ಸಲ. ಕದಿರಮ್ಮ ಅಂದ್ರು. ನಿಮ್ಮ ಇನ್‌ಸ್ಪೆಕ್ಟರ್ ಸಾಹೇಬ್ರು ಅಲ್ಲೇ ಇದ್ರು. ಸೊಸೆ ಹೆಸರು ಹೇಳಿದ್ರು ಅಂತ ಬರ್ಕೊಂಡ್ರು."

"ಏನು ಮಾಡ್ತಾ ಇದ್ದಾಗ ಹಂಗಂದ್ರು?"

"ಸ್ಟ್ರೆಚರಿಗೆ ಹಾಕೋವಾಗ. ಮಂಚದ ಕಂಬಿ ಹಿಡ್ಕೊಂಡು ಬಿಡ್ತಾನೇ ಇರ್ಲಿಲ್ಲ ಮೇಡಂ. ಬೆರಳು ಬಿಡಿಸೋಕೆ ಇಬ್ರು ಬೇಕಾಯ್ತು. ಕದಿರಮ್ಮಾ, ಕದಿರಮ್ಮಾ ಅಂತ ಕೂಗ್ಕೊಂಡೇ ಹೋದ್ರು."

ಭಾರತಮ್ಮ ಫೋನು ಕೆಳಗಿಳಿಸಿದರು. ವಿಷ ಹಾಕಿದವಳನ್ನು ಯಾರಾದರೂ ಹಾಗೆ ಕೂಗುತ್ತಾರೆಯೇ? ಆದರೆ ಬರೆದುಕೊಂಡ ಹಾಳೆಯಲ್ಲಿ ಕೂಗು ಇರುವುದಿಲ್ಲ, ಹೆಸರು ಮಾತ್ರ ಇರುತ್ತದೆ. ಕರೆದದ್ದೋ ದೂರಿದ್ದೋ ಎಂದು ಹೇಳಬೇಕಾದವಳು ಆಂಬುಲೆನ್ಸಿನೊಳಗೆ ಮಲಗಿ ಹೆದ್ದಾರಿಯ ಮೇಲೆ ಹೋಗುತ್ತಿದ್ದಾಳೆ. ಅವಳು ಕಂಪನಿಯವರ ಆಸ್ಪತ್ರೆ ಸೇರಿಬಿಟ್ಟರೆ ಡಾಕ್ಟರ ಮಾತೊಂದರಿಂದಲೇ ಕದಿರಮ್ಮ ಉಳಿಯುವುದು ಕಷ್ಟ.

"ಮೇಡಂ, ಅಜ್ಜಿ ಬದುಕ್ಲಿ ಅಂತ ತಾನೆ?" ಎಂದ ಅರುಣ್‌ಕುಮಾರ್. "ಅದನ್ನೂ ತಪ್ಪು ಅಂತೀರಾ?"

"ನೀನು ಮಾತಾಡ್ಬೇಡ. ಡಾಕ್ಟ್ರೇ, ಕಾರು ತೆಗೀರಿ."

"ಇಲ್ಲಿಂದ ಹೋಗಿ ಹಿಡಿಯೋಕಾಗಲ್ಲ ಭಾರತಮ್ಮನೋರೆ. ಅಷ್ಟರಲ್ಲಿ ಹೊಸಕೋಟೆ ಸೇರಿರುತ್ತೆ."

"ನಾವು ಹಿಡಿಯೋದು ಬೇಡ. ನರಸಾಪುರದ ಹತ್ರ ಫ್ಯಾಕ್ಟರಿ ಬಸ್ಸುಗಳೆಲ್ಲ ರಸ್ತೆಗೆ ಬರೋ ಹೊತ್ತು ಇದು. ಗಾಡಿ ಅಲ್ಲಿ ತೆವಳಿಕೊಂಡೇ ಹೋಗ್ಬೇಕು. ಶಾಮಲಮ್ಮನ ಮಗ ಆಂಜಿ, ಕದಿರಮ್ಮನ ಗಂಡ, ಅಲ್ಲೇ ಫ್ಯಾಕ್ಟರೀಲಿ ಕೆಲ್ಸ ಮಾಡೋದು."

ಆಂಜಿ ಎರಡನೇ ರಿಂಗಿಗೇ ಫೋನು ತೆಗೆದ. ಹಿಂದೆ ಬಸ್ಸುಗಳ ಗದ್ದಲ, ಶಿಫ್ಟು ಬಿಟ್ಟವರ ಕೂಗಾಟ.

"ಆಂಜಿ, ಎಲ್ಲಿದೀಯೋ?"

"ಗೇಟ್ ಹತ್ರ ಅಕ್ಕಾ. ಕದಿರಮ್ಮನ್ನ ಬಿಟ್ರಾ?"

"ಬಿಡಿಸೋದು ಈಗ ನಿನ್ನ ಕೈಲಿದೆ. ಹೆದ್ದಾರೀಲಿ ಒಂದು ಆಂಬುಲೆನ್ಸ್ ಬರ್ತಾ ಇದೆ. ಒಳಗೆ ನಿಮ್ಮವ್ವ ಇದಾರೆ. ಅವ್ರು ಕಂಪನಿಯೋರ ಆಸ್ಪತ್ರೆ ಸೇರಿದ್ರೆ ಇನ್ನು ಬಾಯಿ ಬಿಡೋಕೆ ಬಿಡಲ್ಲ. ಅಡ್ಡ ನಿಲ್ಲು. ಕೋಲಾರಕ್ಕೆ ವಾಪಸ್ ತಿರುಗಿಸು. ನೀನು ಮಗ, ನಿನಗೆ ಹಕ್ಕಿದೆ."

ಆ ಕಡೆ ಬಸ್ಸೊಂದು ಹಾರನ್ನು ಹೊಡೆಯಿತು.

"ಕೇಳಿಸ್ತೇನೋ?"

"ಕೇಳಿಸ್ತಕ್ಕಾ." ದನಿ ಬಹಳ ಸಣ್ಣಗಾಗಿತ್ತು. "ಕರ್ಕೊಂಡು ಹೋಗಿ ಅಂತ ಬೆಳಿಗ್ಗೆ ಹೆಬ್ಬೆಟ್ಟು ಒತ್ತಿದ್ದು ನಾನೇ."

ಭಾರತಮ್ಮ ಅರುಣ್‌ಕುಮಾರನ ಕಡೆ ತಿರುಗಿದರು.

"ಆ ಕ್ಯಾಂಪಿನ ಅಣ್ಣ ನಿನ್ನೆ ಮನೆಗೆ ಬಂದಿದ್ದ. ಹುಳಕ್ಕೆ ಸೊಪ್ಪು ಹಾಕೋರಿಲ್ಲ ಅಂತ ತಾನೇ ಅಂಗಿ ಬಿಚ್ಚಿಟ್ಟು ಸೊಪ್ಪು ಹಾಕ್ದ ಅಕ್ಕಾ. ಕೋಲಾರದಲ್ಲೇ ಇದ್ರೆ ನಿಮ್ಮವ್ವ ಉಳಿಯಲ್ಲ ಅಂದ. ಬೆಂಗಳೂರಲ್ಲಿ ಗಂಟಲಿಗೆ ಹೊಸ ನಳಿಗೆ ಹಾಕ್ತಾರಂತೆ. ಅವ್ವ ಬದುಕ್ತಾಳೆ ಅಂದ. ನಾನು ಏನಂತ ಬೇಡ ಅನ್ಲಿ?"

"ಅವ್ವ ಬರಲ್ಲ ಅಂತ ಕಂಬಿ ಹಿಡ್ಕೊಂಡಿದ್ರಂತೆ ಕಣೋ. ನಿನ್ನ ಹೆಂಡ್ತಿ ಹೆಸರು ಹಿಡಿದು ಕೂಗಿದ್ರಂತೆ."

"ಗಾಡಿ ನಿಲ್ಸಿ ದಾರೀಲಿ ಅವ್ವಂಗೆ ಏನಾದ್ರೂ ಆದ್ರೆ?"

 ಡಾಕ್ಟರು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅರುಣ್‌ಕುಮಾರ್ ಚೀಲದ ಮೇಲೆ ಕೈಯಿಟ್ಟು, ಮೊದಲಿನಂತೆಯೇ ಅಕ್ಕರೆಯಿಂದ ಕೇಳಿಸಿಕೊಳ್ಳುತ್ತಿದ್ದ.

ಫೋನಿನೊಳಗೆ, ಬಸ್ಸುಗಳ ಗದ್ದಲದ ಹಿಂದಿನಿಂದ, ಸೈರನ್ನು ಕೇಳಿಸತೊಡಗಿತು. ಮೊದಲು ಸೊಳ್ಳೆಯಷ್ಟು. ಆಮೇಲೆ ಜೋರಾಗಿ.

"ಅಕ್ಕಾ, ಕಾಣ್ತಾ ಇದೆ," ಎಂದ ಆಂಜಿ. "ಬರ್ತಾ ಇದೆ."

"ರಸ್ತೆಗೆ ಇಳೀತೀಯೋ ಇಲ್ವೋ, ಆಂಜಿ?"